ಐದು ವರ್ಷದ ಗಾಡಿ

ಕುಡಚಿಯ ಸುತ್ತಮುತ್ತಲ ಹಳ್ಳಿಗಳಲ್ಲಿ ಯಾರೇ ಹಳೇ ಕಾರು ಕೊಳ್ಳಲಿ, ಮೊದಲು ರಾಜಾರಾಮನ ಕಟ್ಟೆಗೆ ಬಂದು ಕೂತು ಒಂದು ಕಪ್ ಚಹಾ ಕುಡಿದು ಹೋಗುವುದು ಪದ್ಧತಿಯೇ ಆಗಿಬಿಟ್ಟಿತ್ತು. ತಮಾಷೆಯೆಂದರೆ ರಾಜಾರಾಮನ ಹತ್ತಿರ ಸ್ವಂತದ ಕಾರು ಇರಲಿಲ್ಲ. ಮೂವತ್ತು ವರ್ಷ ಸರಕಾರಿ ಬಸ್ಸು ಓಡಿಸಿ ಹೋದ ವರ್ಷ ನಿವೃತ್ತನಾದ ಡ್ರೈವರ ಅವನು. ಮದುವೆ ಮಾಡಿಸುವ ಬ್ರಹ್ಮಚಾರಿಯ ಹಾಗೆ ಊರವರಿಗೆಲ್ಲ ಗಾಡಿ ಆರಿಸಿಕೊಟ್ಟು ತಾನು ಸೈಕಲ್ ಮೇಲೆ ಓಡಾಡುತ್ತಿದ್ದ. ಆದರೆ ಅವನ ಮಾತು ಒಂದು ಸಲವೂ ಸುಳ್ಳಾಗಿರಲಿಲ್ಲ, ಅದಕ್ಕೇ ಜನ ಬರುತ್ತಿದ್ದರು.

ಬಂದವರಿಗೆ ಅವನು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ಬಣ್ಣ ಕೇಳುತ್ತಿರಲಿಲ್ಲ, ಕಂಪನಿ ಕೇಳುತ್ತಿರಲಿಲ್ಲ.

"ತಿಂಗಳಿಗೆ ಎಷ್ಟ ಓಡಸಾಂವ? ಎಷ್ಟ ವರ್ಷ ಇಟ್ಕೊಳ್ಳಾಂವ?"

ಉತ್ತರ ಕೇಳಿ ತೀರ್ಪು ಕೊಡುತ್ತಿದ್ದ. "ತಿಂಗಳಿಗೆ ಸಾವಿರ ಕಿಲೋಮೀಟರ ದಾಟಬೇಕು, ಮ್ಯಾಲ ಐದ ವರ್ಷ ಇಟ್ಕೋಬೇಕು. ಎರಡೂ ಕೂಡಿದ್ರ ಡೀಸೆಲ್ ತಗೋ. ಎರಡರಾಗ ಒಂದ ಇಲ್ಲಂದ್ರೂ ಪೆಟ್ರೋಲ್. ಡೀಸೆಲ್ ಅಂದ್ರ ಎತ್ತ ಇದ್ದಂಗ, ವರ್ಷಾನಗಟ್ಲೆ ದುಡಿಸಿದ್ರ ಫಾಯದೆ. ನಾಕ ದಿನದ ಕೆಲಸಕ್ಕ ಯಾರೂ ಎತ್ತ ಕಟ್ಟೂದಿಲ್ಲ."

ಈ ಮಾತನ್ನು ಅವನ ಹೆಂಡತಿ ತುಳಸವ್ವ ಅಡಿಗೆ ಮನೆಯಿಂದ ಎಷ್ಟು ಸಲ ಕೇಳಿದ್ದಳೋ ಲೆಕ್ಕವಿಲ್ಲ. ಅವನು ಡ್ಯೂಟಿಗೆ ಹೋಗಿದ್ದಾಗ ಯಾರಾದರೂ ಕೇಳಲು ಬಂದರೆ ಬಾಗಿಲಲ್ಲಿ ನಿಂತು ತಾನೇ ಎರಡೂ ಪ್ರಶ್ನೆ ಕೇಳಿ, ತಾನೇ ಎತ್ತಿನ ಮಾತು ಹೇಳಿ, ತೀರ್ಪು ಕೊಟ್ಟು ಕಳಿಸುತ್ತಿದ್ದಳು. ಡ್ರೈವರನಿಗಿಂತ ಡ್ರೈವರನ ಹೆಂಡತಿ ಜೋರು ಎಂದು ಪಕ್ಕದ ಮನೆಯ ಜಕ್ಕಪ್ಪ ನಗುತ್ತಿದ್ದ. ಮಕ್ಕಳಿಲ್ಲದ ಆ ಮನೆಯಲ್ಲಿ ಇಂಥ ನಗೆಗೆ ಬರವಿರಲಿಲ್ಲ.

ತುಳಸವ್ವನಿಗೆ ಸಕ್ಕರೆ ಕಾಯಿಲೆ ಹಳೆಯದು. ಅದು ಒಳಗೊಳಗೇ ಎರಡೂ ಕಿಡ್ನಿಗಳನ್ನು ತಿಂದು ಮುಗಿಸಿದ್ದು ಗೊತ್ತಾಗಿದ್ದು ಮಾತ್ರ ಈ ಸಲದ ಸಂಕ್ರಾಂತಿ ಹೊತ್ತಿಗೆ. ಈ ಭಾಗದವರಿಗೆ ದೊಡ್ಡ ರೋಗ ಬಂದರೆ ಗಡಿಯಾಚೆಯ ಮೀರಜಿನ ಆಸ್ಪತ್ರೆಯೇ ಗತಿ. ವಾರಕ್ಕೆ ಮೂರು ಸಲ ಅಲ್ಲಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕೆಂದಾಯಿತು. ಹೋಗುವಾಗ ರೈಲಿನಲ್ಲಿ ಹೇಗೋ ಹೋಗುತ್ತಿದ್ದರು. ಬರುವಾಗ ರೈಲಿನ ಹೊತ್ತಿಗೂ ಆಸ್ಪತ್ರೆಯ ಹೊತ್ತಿಗೂ ತಾಳೆಯಾಗದೆ ಬಸ್ಸಿಗೆ ನಿಲ್ಲಬೇಕಾಗುತ್ತಿತ್ತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ ತುಳಸವ್ವ ತಲೆ ತಿರುಗಿ ಬಿದ್ದಳು. ಮೂವತ್ತು ವರ್ಷ ಸಾವಿರಾರು ಜನರನ್ನು ಕೂರಿಸಿಕೊಂಡು ಓಡಾಡಿದವನು ಸ್ವಂತ ಹೆಂಡತಿಯನ್ನು ನೆರಳಿಗೆ ಎಳೆದುಕೊಂಡು ಹೋಗಲು ಪರಿಚಯವಿಲ್ಲದ ಇಬ್ಬರ ಸಹಾಯ ಬೇಡಿದ. ಅವತ್ತೇ ಒಂದು ಕಾರು ತೆಗೆದುಕೊಳ್ಳುವುದೆಂದು ತೀರ್ಮಾನವಾಯಿತು.

ಮೇ ಕೊನೆಗೆ ಡಾಕ್ಟರು ರಾಜಾರಾಮನೊಬ್ಬನನ್ನೇ ಒಳಗೆ ಕರೆದರು. ತಾವಾಡುವ ಮರಾಠಿ ತುಳಸವ್ವನಿಗೂ ಚೆನ್ನಾಗಿ ಬರುತ್ತದೆಂದು ಅವರಿಗೆ ಗೊತ್ತಿತ್ತು, ಅದಕ್ಕೇ ಹೊರಗೆ ಕೂರಿಸಿದ್ದರು. ಹೃದಯವೂ ಸೋತಿದೆ, ಬೇರೆ ಕಿಡ್ನಿ ಹಾಕಿದರೆ ತಾಳುವ ಶಕ್ತಿ ದೇಹಕ್ಕಿಲ್ಲ, ದಸರೆ ಕಂಡರೆ ದೊಡ್ಡದು ಎಂದರು. ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ಹೇಳಲಿಲ್ಲ.

ಹೊರಗೆ ಬಂದಾಗ ತುಳಸವ್ವ ಬೆಂಚಿನ ಮೇಲೆ ಚಪ್ಪಲಿ ಬಿಟ್ಟು ಕೂತಿದ್ದಳು. ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ.

"ಏನಂದ್ರು?"

"ಬಿಡಲಾರದ ಡಯಾಲಿಸಿಸ್ ಮಾಡಿಸ್ಕೊಂಡ ಹೋದ್ರ ಏನೂ ಆಗೂದಿಲ್ಲಂತ."

ತುಳಸವ್ವ ಅವನ ಮುಖ ನೋಡಿ, ಬಾತ ಕಾಲನ್ನು ಚಪ್ಪಲಿಗೆ ತುರುಕತೊಡಗಿದಳು. ಆದರೆ ಆ ವಾರವಿಡೀ ಅವಳಿಗೆ ಮಾತು ಕಡಿಮೆಯಾಯಿತು. ಗಂಡನ ಮಾತನ್ನು ಪೂರ್ತಿ ನಂಬಲಾರಳು, ನಂಬದಿರಲೂ ಆರಳು. ಮುಂದಿನ ವಾರ ಒಂದು ಬೆಳಿಗ್ಗೆ ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ನಿಲ್ಲಿಸಿ ಹೇಳಿದಳು.

"ಒಮ್ಮೆ ನಿಪ್ಪಾಣಿಗೆ ಹೋಗಿ ನೀಲಮನ್ನ ನೋಡಿ ಬರೂಣ್ರಿ. ನಾನ ಸೋತಂಗ ಆದ್ರೂ ಅಡ್ಡಿ ಇಲ್ಲ."

ನೀಲಮ ತುಳಸವ್ವನ ತಂಗಿ. ತಂಗಿಯೆನ್ನುವುದು ಬರೀ ಹೆಸರಿಗೆ, ಸಾಕಿದ್ದು ಮಗಳ ಹಾಗೆ. ಏಳು ವರ್ಷದ ಹುಡುಗಿಯನ್ನು ಶಾಲೆಗೆಂದು ತವರಿನಿಂದ ಕರೆತಂದು ಜಡೆ ಹಾಕಿ, ಓದಿಸಿ, ನಿಪ್ಪಾಣಿಯ ತುಕಾರಾಮನಿಗೆ ಕೊಟ್ಟು ಮದುವೆ ಮಾಡಿದವಳೇ ತುಳಸವ್ವ. ಸೈಕಲ್ ಕಲಿಸಿದ್ದು ರಾಜಾರಾಮ. ಬೀದಿಯಲ್ಲಿ ಹೋಗುವ ಗಾಡಿಯನ್ನು ಕಣ್ಣು ಮುಚ್ಚಿ ಸಪ್ಪಳದಿಂದ ಗುರುತಿಸಲು ಕಲಿಸಿದ್ದೂ ಅವನೇ. ಅಂಥ ತಂಗಿಯ ಜೊತೆ ಆರು ವರ್ಷದಿಂದ ಮಾತಿಲ್ಲ. ತಾಯಿ ಗಂಗೂಬಾಯಿ ಕೊನೆಗಾಲದಲ್ಲಿ ನಿಪ್ಪಾಣಿಯಲ್ಲಿದ್ದು ಅಲ್ಲೇ ತೀರಿಕೊಂಡಾಗ ತುಳಸವ್ವ ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅವ್ವನ ಮುಖ ತೋರಿಸಲಿಲ್ಲವೆಂದು ಅಕ್ಕ ಬಾಗಿಲಲ್ಲಿ ನಿಂತು ಅತ್ತಳು, ಹೇಳಿ ಕಳಿಸಿದರೂ ಸಂಜೆತನಕ ಬರಲಿಲ್ಲವೆಂದು ತಂಗಿ ಒಳಗಿನಿಂದ ಕೂಗಿದಳು. ಇಬ್ಬರದೂ ಸರಿ, ಇಬ್ಬರದೂ ತಪ್ಪು. ಇಂಥ ಜಗಳಗಳೇ ಬಗೆಹರಿಯುವುದಿಲ್ಲ.

ಈಗ ಅಕ್ಕ ತಾನಾಗಿ ಬಾಗಿದ್ದಳು. ಅವತ್ತೇ ಒಂದು ಜೀಪು ಬಾಡಿಗೆ ಮಾಡಿ ಕರೆದುಕೊಂಡು ಹೋಗಬೇಕಾಗಿತ್ತು ರಾಜಾರಾಮ. ಬುದ್ಧಿ ಇದ್ದವನು ಹಾಗೆ ಮಾಡುತ್ತಿದ್ದ. ಇವನು ಹೇಳಿದ್ದೇನು?

"ಎಂಟ ದಿನ ತಡಿ. ನಮ್ಮ ಗಾಡಿ ಬರಲಿ, ನಮ್ಮ ಗಾಡ್ಯಾಗ ಹೋಗೂಣು."

ಯಾವ ಗಾಡಿ ಎಂಬುದು ಅವನ ಮನಸ್ಸಿನಲ್ಲಿ ಆಗಲೇ ನಿಶ್ಚಯವಾಗಿತ್ತು. ಪೆಟ್ರೋಲ್. ತಾನು ಇಷ್ಟು ವರ್ಷ ಊರಿಗೆ ಹೇಳಿದ ಮಾತಿನ ಪ್ರಕಾರ ಬೇರೆ ದಾರಿಯೇ ಇರಲಿಲ್ಲ. ತಿಂಗಳಿಗೆ ಸಾವಿರ ದಾಟುತ್ತದೆ, ನಿಜ. ಆದರೆ ಎಷ್ಟು ತಿಂಗಳು? ಆ ಪ್ರಶ್ನೆಗೆ ಬಂದಾಗಲೆಲ್ಲ ಅವನು ಎದ್ದು ಹೊರಗೆ ಹೋಗಿ ಸೈಕಲ್ ಒರೆಸುತ್ತಿದ್ದ. ಆದರೂ ಗಾಡಿಯ ವಿಷಯದಲ್ಲಿ ತನಗೇ ಮೋಸ ಮಾಡಿಕೊಳ್ಳುವುದು ಅವನ ಜಾಯಮಾನವಲ್ಲ.

ಚಿಕ್ಕೋಡಿಯಲ್ಲಿ ಹಳೇ ಕಾರು ಮಾರುವ ಸಂದೇಶ ಎಂಬವನ ಜಾಗಕ್ಕೆ ಇಬ್ಬರೂ ಹೋದರು. ನಾನೂ ಬರುತ್ತೇನೆ, ಕೂರುವವಳು ನಾನಲ್ಲವೇ ಎಂದು ತುಳಸವ್ವ ಹಟ ಮಾಡಿ ಬಂದಿದ್ದಳು. ಸಂದೇಶ ಎರಡು ಗಾಡಿ ತೊಳೆಸಿ ಅಕ್ಕಪಕ್ಕ ನಿಲ್ಲಿಸಿದ್ದ. ಒಂದು ಬಿಳಿ ಪೆಟ್ರೋಲ್ ಗಾಡಿ. ಇನ್ನೊಂದು ಬೂದು ಬಣ್ಣದ ಡೀಸೆಲ್, ಸ್ವಲ್ಪ ಹಳೆಯದು, ಆದರೆ ಎಂಜಿನ್ನು ಗಟ್ಟಿ. ರಾಜಾರಾಮ ಎರಡರ ಬಾನೆಟ್ಟನ್ನೂ ಎತ್ತಿ ನೋಡಿದ, ಚಾಲು ಮಾಡಿ ಕಿವಿಗೊಟ್ಟ, ಹೊಗೆಗೆ ಕೈ ಹಿಡಿದು ಮೂಸಿದ. ಆಮೇಲೆ ಬಿಳಿ ಗಾಡಿಯ ಹತ್ತಿರ ಬಂದು ಅದರ ಬಾಗಿಲಿನ ಮೇಲೆ ಕೈ ಇಟ್ಟು ನಿಂತ.

ಅಷ್ಟರಲ್ಲಿ ಸಂದೇಶನಿಗೆ ಹುಡುಗಾಟಿಕೆ ಹೊಳೆಯಿತು. ಬಸ್ಸಿನ ಡ್ರೈವರರನ್ನು ಈ ಕಡೆ ಎಲ್ಲರೂ ಮಾಮಾ ಅನ್ನುತ್ತಾರೆ.

"ಮಾಮಾ, ಗಿರಾಕಿಗೋಳ ಎಲ್ಲಾರೂ ನಿಮ್ಮ ಮಾತ ಹೇಳ್ಕೋತ ಬರ್ತಾರ. ಇವತ್ತ ನಾನ ನಿಮ್ಮನ್ನ ಕೇಳ್ತೀನಿ. ತಿಂಗಳಿಗೆ ಎಷ್ಟ ಓಡಸಾವ್ರು?"

ರಾಜಾರಾಮ ಬಾಯಿ ತೆರೆಯುವ ಮೊದಲೇ ಕುರ್ಚಿಯಲ್ಲಿ ಕೂತಿದ್ದ ತುಳಸವ್ವ ಉತ್ತರ ಕೊಟ್ಟಳು. "ವಾರಕ್ಕ ಮೂರ ಸಲ ಮೀರಜ. ಮ್ಯಾಲ ಅದು ಇದು. ಸಾವಿರ ದಾಟತೈತಪ್ಪ."

"ಎಷ್ಟ ವರ್ಷ ಇಟ್ಕೊಳ್ಳಾವ್ರು?"

ಈ ಸಲ ತುಳಸವ್ವ ಗಂಡನ ಕಡೆ ತಿರುಗಿದಳು. ಸುಮ್ಮನೆ ನೋಡಿದಳಷ್ಟೇ. ನಗುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ. ಡಾಕ್ಟರು ಏನೆಂದರು ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೇಳಿದ್ದನ್ನೇ ಅವಳು ಈಗ ಮತ್ತೆ ಕೇಳುತ್ತಿದ್ದಾಳೆಂದು ರಾಜಾರಾಮನಿಗೆ ತಿಳಿಯಿತು. ಬಾಯಿಮಾತನ್ನು ಅವಳು ನಂಬಿರಲಿಲ್ಲ. ಗಾಡಿಯನ್ನು ನಂಬುತ್ತಾಳೆ. ಮೂವತ್ತು ವರ್ಷದಲ್ಲಿ ಗಾಡಿಯ ವಿಷಯದಲ್ಲಿ ಈ ಮನುಷ್ಯ ಸುಳ್ಳಾಡಿದ್ದನ್ನು ಅವಳು ಕಂಡಿಲ್ಲ. ಬಿಳಿ ಗಾಡಿಯ ಬಾಗಿಲಿನ ಮೇಲಿದ್ದ ಅವನ ಕೈಯನ್ನು ಅವಳು ನೋಡಿದಳು.

ಅವನು ಕೈ ತೆಗೆದ.

"ಐದ ವರ್ಷ ಇಟ್ಕೊಳ್ಳಾಂವ," ಎಂದ. "ಐದ್ಯಾಕ, ಅದು ಓಡೂತನಕ. ಡೀಸೆಲ್ ಗಾಡಿ ಕಾಗದ ತಗಿಯಪ್ಪ."

ತುಳಸವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಬಿಸಿಲಿತ್ತು, ಬೆವರಿತ್ತು, ಒರೆಸಿಕೊಂಡರೆ ತಪ್ಪೇನಿಲ್ಲ. ಆದರೆ ಸೆರಗು ಕೆಳಗಿಳಿದಾಗ ಅಲ್ಲಿದ್ದದ್ದು ಬೇರೆಯದೇ ಮುಖ. ಸಂಕ್ರಾಂತಿಯಿಂದ ಈಚೆ ಅವನು ಕಾಣದೆ ಇದ್ದ ಮುಖ ಅದು. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಮಾತಾಡಿದಳು. ಹಿತ್ತಲಿನ ತಗಡು ಬದಲಿಸಬೇಕು, ಊರಿನ ಬುದ್ಧ ವಿಹಾರದ ಹೆಣ್ಣುಮಕ್ಕಳ ಜೊತೆ ಒಮ್ಮೆ ಅಜಂತಾಕ್ಕೆ ಹೋಗಬೇಕು, ಮುಂದಿನ ವರ್ಷ ಎಮ್ಮೆ ಕಟ್ಟಬೇಕು. ರಾಜಾರಾಮ ಹೂಂ ಹೂಂ ಎನ್ನುತ್ತ ಗಾಡಿ ಓಡಿಸಿದ. ತಾನು ಪುಣ್ಯದ ಕೆಲಸ ಮಾಡಿದೆನೆಂದೇ ಅವತ್ತು ಅವನಿಗೆ ಅನ್ನಿಸಿತ್ತು.

ಬಾಯಿಂದ ಆಡಿದ ಸುಳ್ಳನ್ನು ಹೇಗಾದರೂ ತಿದ್ದಬಹುದು. ನಾಲ್ಕು ಗಾಲಿಯ ಸುಳ್ಳು ಹಾಗಲ್ಲ, ಅದು ದಿನವೂ ಮನೆಯ ಮುಂದೆ ನಿಂತಿರುತ್ತದೆ, ಹೋಗಿ ಬರುವವರೆಲ್ಲ ಅದನ್ನು ಓದುತ್ತಾರೆ. ಮರುದಿನ ಬೆಳಿಗ್ಗೆ ಜಕ್ಕಪ್ಪ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿ ಸಮಾಧಾನದ ಉಸಿರು ಬಿಟ್ಟ.

"ಡೀಸೆಲ್ ತಗೊಂಡಿ ಅಂದ್ರ ನಮ್ಮ ತುಳಸಾ ವೈನಿ ಗಟ್ಟಿ ಅದಾರ ಅಂದಂಗಾತು. ನಾವು ಸುಮ್ನ ಅಂಜಿದ್ವಿ ನೋಡ."

ಊರೆಲ್ಲ ಹಾಗೆಯೇ ತಿಳಿಯಿತು. ಹಿಂದಿನ ತಿಂಗಳು ಹಾಲು, ಹಣ್ಣು ಹಿಡಿದು ಕಣ್ಣು ತೇವ ಮಾಡಿಕೊಂಡು ಬರುತ್ತಿದ್ದವರು ಈಗ ಬೀದಿಯಿಂದಲೇ ಕೈ ಎತ್ತಿ ಹೋಗತೊಡಗಿದರು. ಅವರ ತಪ್ಪಲ್ಲ. ಐದು ವರ್ಷ ಇರುವವಳನ್ನು ಈ ವಾರವೇ ಬಂದು ನೋಡುವ ಜರೂರು ಯಾರಿಗಿರುತ್ತದೆ?

ಮುಂದಿನ ಭಾನುವಾರ ಗಾಡಿ ಒರೆಸಿ ನಿಲ್ಲಿಸಿ ರಾಜಾರಾಮ ಒಳಗೆ ಬಂದ.

"ಏಳು, ನಿಪ್ಪಾಣಿಗೆ ಹೋಗೂಣು. ಹೇಳಿದ್ದೆಲ್ಲ, ನಮ್ಮ ಗಾಡ್ಯಾಗ."

ತುಳಸವ್ವ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಈಗ್ಯಾಕ್ರಿ ಅಷ್ಟ ಗಡಬಡಿ?"

"ನೀನ ಅಂದಿದ್ದಿ."

"ಅಂದಿದ್ದೆ. ಆವಾಗ ಜೀವಕ್ಕ ಅಂಜಿದ್ದೆ." ಒಂದು ಕಲ್ಲು ಹುಡುಕಿ ಹೊರಗೆ ಒಗೆದಳು. "ಅಕಿನ ಬರಲಿ ಮೊದಲ. ನಾ ದೊಡ್ಡಾಕಿ. ಅವ್ವನ ಮೋತಿ ತೋರಸಲಾರದ ಮಣ್ಣ ಮಾಡಿದಾಕಿ ಅಕಿ. ನಾ ಯಾಕ ಅಕಿನ ಬಾಗಲಕ್ಕ ಹೋಗಿ ನಿಲ್ಲಲಿ?"

ಸಾವಿನ ಭಯ ಮೆತ್ತಗೆ ಮಾಡಿದ್ದ ಮನಸ್ಸನ್ನು ಬದುಕುವ ಆಸೆ ಮತ್ತೆ ಕಲ್ಲು ಮಾಡಿತ್ತು. ಆ ಆಸೆ ಕೊಟ್ಟವನು ತಾನೇ. ತಾನೇ ತೋಡಿದ ಹಳ್ಳಕ್ಕೆ ಬೀಳುವುದೆಂದರೆ ಹೀಗೆ. ಇನ್ನೂ ಎರಡು ಭಾನುವಾರ ಅವನು ಕರೆದು ನೋಡಿದ. ಮೂರನೆಯ ಸಲ ಅವಳು ನಕ್ಕು, ನಿಮಗೆ ಹೊಸ ಗಾಡಿಯ ಹುರುಪು, ಹೋಗಲಿ ಬಿಡಿ ಎಂದಳು.

ಜುಲೈ ಕಳೆಯಿತು. ಆಗಸ್ಟಿನಲ್ಲಿ ಅವಳಿಗೆ ಹತ್ತು ಹೆಜ್ಜೆ ನಡೆದರೆ ಏದುಸಿರು ಬರತೊಡಗಿತು. ಗಾಡಿಯ ತನಕ ಅವನೇ ಎತ್ತಿಕೊಂಡು ಹೋಗುತ್ತಿದ್ದ. ಮಳೆಗಾಲ ಮುಗಿದರೆ ಉಸಿರು ಸರಿಹೋಗುತ್ತದೆ ಎನ್ನುತ್ತಿದ್ದಳು ಅವಳು. ಗಣಪತಿ ಹಬ್ಬದ ಮರುವಾರ ಮೀರಜಿನ ಡಾಕ್ಟರು ಮತ್ತೆ ಅವನೊಬ್ಬನನ್ನೇ ಕರೆದರು. ಈ ಸಲ ದಸರೆಯ ಮಾತು ಬರಲಿಲ್ಲ. ನೋಡಬೇಕಾದವರು ಇದ್ದರೆ ಕರೆಸಿ ಎಂದರು.

ಚಿಕ್ಕೋಡಿಯಲ್ಲಿ ಗಾಡಿಯ ಕೆಲಸವಿದೆಯೆಂದು ಹೇಳಿ, ತುಳಸವ್ವನ ಹತ್ತಿರ ಜಕ್ಕಪ್ಪನ ಹೆಂಡತಿಯನ್ನು ಕೂರಿಸಿ, ರಾಜಾರಾಮ ಒಬ್ಬನೇ ನಿಪ್ಪಾಣಿಗೆ ಹೊರಟ. ಆರು ವರ್ಷದ ಮೇಲೆ ಆ ಬೀದಿಗೆ ತಿರುಗಿದಾಗ ಅವನು ಗಾಡಿಯ ವೇಗವನ್ನು ನಡಿಗೆಗೆ ಇಳಿಸಿದ. ನೀಲಮ ಅಂಗನವಾಡಿ ಟೀಚರು. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಗಾಡಿ ತಿರುವಿನಲ್ಲಿರುವಾಗಲೇ ಕಿವಿ ನಿಮಿರಿಸಿದ್ದಳು.

"ಡೀಸೆಲ್ ತಗೊಂಡೀರಲ್ಲ ದಾಜಿ," ಎಂದಳು. ನಿಪ್ಪಾಣಿಗೆ ಬಂದ ಮೇಲೆ ಅಕ್ಕನ ಗಂಡನನ್ನು ಅವಳು ಇಲ್ಲಿಯವರ ಹಾಗೆ ದಾಜಿ ಅನ್ನುತ್ತಿದ್ದಳು. ಆರು ವರ್ಷದ ಮೌನವನ್ನು ಅವಳು ಹಾಗೆ ಮುರಿದಳು, ಗಾಡಿಯ ಮಾತಿನಿಂದ. ಅವನಿಗೆ ಅಳು ಬಂತು.

ನೀರು ಕೊಟ್ಟಳು, ಚಹಾ ಕೊಟ್ಟಳು. ಗಂಡ ಕೊಲ್ಲಾಪುರಕ್ಕೆ ಹೋಗಿದ್ದಾನೆಂದಳು. ಅಕ್ಕ ಹೇಗಿದ್ದಾಳೆಂದು ಮಾತ್ರ ಕೇಳಲಿಲ್ಲ, ಕೇಳುವುದಕ್ಕಾಗಿ ತುಟಿ ಎರಡು ಸಲ ಅಲುಗಿದ್ದು ಕಂಡಿತು. ರಾಜಾರಾಮ ಕಪ್ಪು ಕೆಳಗಿಟ್ಟ.

"ನೀಲಮ, ನಿಮ್ಮ ಅಕ್ಕ ಉಳಿಯೂದಿಲ್ಲವ್ವ. ಇವತ್ತ ನನ್ನ ಸಂಗಾಟ ಬಾ."

ನೀಲಮಳ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ಅವಳ ದೃಷ್ಟಿ ಅವನನ್ನು ದಾಟಿ ಹೊರಗೆ ನಿಂತ ಗಾಡಿಗೆ ಹೋಯಿತು. ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಮತ್ತೆ ಅವನ ಕಡೆ ಬಂದಾಗ ಅದರಲ್ಲಿ ಗಾಬರಿ ಇರಲಿಲ್ಲ, ಬೇಸರವಿತ್ತು.

"ದಾಜಿ, ನಮ್ಮನ್ನ ಕೂಡಸಬೇಕಂತ ನಿಮಗ ಐತಿ, ನನಗ ತಿಳೀತೈತಿ. ಆದ್ರ ಅದಕ್ಕ ಸಾವಿನ ಹೆಸರ ತಗೀಬಾರದ್ರಿ."

"ಸುಳ್ಳ ಅಲ್ಲವ್ವ. ಡಾಕ್ಟರ ಹೇಳ್ಯಾರ."

"ಯಾವಾಗ ಹೇಳ್ಯಾರ?"

"ಮೇ ತಿಂಗಳದಾಗ ಹೇಳಿದ್ರು. ಈಗ ಮತ್ತ—"

"ಗಾಡಿ ಯಾವಾಗ ತಗೊಂಡ್ರಿ?"

ಅವನೂ ಹೊರಗೆ ನಿಂತ ಗಾಡಿಯ ಕಡೆ ನೋಡಿದ.

"ಜೂನದಾಗ ತಗೊಂಡೀರಿ. ಸಂದೇಶ ನಮ್ಮನಿಯವ್ರ ಗೆಳ್ಯಾ, ಮನೀಗೆ ಬಂದಾಗ ಹೇಳ್ಯಾನ, ಮಾಮಾ ಐದ ವರ್ಷ ಅಂದ್ರು ಅಂತ. ಅಕ್ಕನ ಜಡ್ಡಿನ ಸುದ್ದಿ ಕೇಳಿದಾಗಿಂದ ಅವತ್ತ ನಾ ಮೊದಲ ಸಲ ಹೊಟ್ಟಿ ತುಂಬ ಉಂಡೆ ದಾಜಿ, ಖರೇ ಹೇಳ್ತೀನಿ. ಮೇ ತಿಂಗಳದಾಗ ಡಾಕ್ಟರ ಹಂಗ ಹೇಳಿದ್ರ ಜೂನದಾಗ ನೀವು ಡೀಸೆಲ್ ತಗೋತಿದ್ರೇನು? ನೀವು ಗಾಡಿ ವಿಷಯದಾಗ ತಪ್ಪೂ ಮನಷ್ಯಾನ?"

"ಅಕೀಗೆ ತಿಳೀಬಾರದಂತ ತಗೊಂಡೆ."

ಹೇಳುವಾಗಲೇ ಅದು ಎಷ್ಟು ಪೊಳ್ಳಾಗಿ ಕೇಳುತ್ತದೆಂದು ಅವನಿಗೇ ಗೊತ್ತಾಯಿತು. ನೀಲಮ ತಲೆ ಅಲ್ಲಾಡಿಸಿದಳು. ಅವಳಿಗೂ ಅಕ್ಕನ ಮೇಲೆ ಪ್ರೀತಿಯಿತ್ತು, ಅಕ್ಕ ಬದುಕಿರುತ್ತಾಳೆಂಬ ಮಾತನ್ನು ಅವಳು ಬಿಟ್ಟುಕೊಡಲು ತಯಾರಿರಲಿಲ್ಲ.

"ಅಕ್ಕ ಒಂದ ಫೋನ ಮಾಡಿ ಬಾ ಅನ್ನಲಿ. ಉಟ್ಟ ಸೀರಿ ಮ್ಯಾಲ ಬರ್ತೀನಿ," ಎಂದಳು.

"ಅಕಿ ಮಾಡೂದಿಲ್ಲ."

"ಸಾಯೂ ಹಂಗಿದ್ರ ಮಾಡ್ತಾಳ. ಇನ್ನೂ ಸೊಕ್ಕ ಐತಿ ಅಂದ್ರ ಜೀವ ಗಟ್ಟಿ ಐತಿ ಅಂತ." ಈಗ ಅವಳ ಕಣ್ಣಲ್ಲೂ ನೀರಿತ್ತು, ಆದರೂ ಸ್ವಲ್ಪ ನಕ್ಕಳು. "ದಸರಾಕ್ಕ ನಾಗಪುರದ ದೀಕ್ಷಾಭೂಮಿಗೆ ಹೊಂಟೇವಿ, ಟಿಕೀಟ ಆಗ್ಯಾವ. ಬಂದ ಮ್ಯಾಲ ದಿವಾಳಿಗೆ ನಾನ ಬರ್ತೀನಿ, ಹೋಗ್ರಿ. ಅಕಿ ಕರೀಲಿಲ್ಲಂದ್ರೂ ಬರ್ತೀನಿ. ಇಷ್ಟ ವರ್ಷ ಹೋಗ್ಯಾವ, ಇನ್ನೊಂದ ಎರಡ ತಿಂಗಳದಾಗ ಏನ ಆಗತೈತಿ?"

ಅವನು ಇನ್ನೂ ಒಂದು ಗಂಟೆ ಕೂತಿದ್ದ. ಆಣೆ ಮಾಡಿದ. ಕೈ ಮುಗಿದ. ಹೆಚ್ಚು ಹೇಳಿದಷ್ಟೂ ಹೆಚ್ಚು ಸುಳ್ಳಿನ ಹಾಗೆ ಆಯಿತು. ಕೊನೆಗೆ ನೀಲಮ ಒಳಗೆ ಹೋಗಿ, ಅಕ್ಕನಿಗೆ ಸೇರುತ್ತದೆಂದು ಶೇಂಗಾ ಚಟ್ನಿಯನ್ನು ಡಬ್ಬಿಗೆ ತುಂಬಿ ತಂದು ಕೊಟ್ಟಳು. ಆ ರೋಗಕ್ಕೆ ಶೇಂಗಾ ಆಗದು. ಅವನು ಹೇಳಲಿಲ್ಲ, ತೆಗೆದುಕೊಂಡ.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ತುಳಸವ್ವ ಬಾಗಿಲ ಹತ್ತಿರ ಎರಡು ದಿಂಬಿಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಜಕ್ಕಪ್ಪನ ಹೆಂಡತಿ ಎದ್ದು ಹೋದ ಮೇಲೆ ರಾಜಾರಾಮ ಅವಳ ಪಕ್ಕ ನೆಲದ ಮೇಲೆ ಕೂತ.

"ನಿಪ್ಪಾಣಿಗೆ ಹೋಗಿದ್ದೆ," ಎಂದ.

ಅವಳು ಸಿಟ್ಟಾಗಲಿಲ್ಲ. ಸೆರಗು ಸರಿಮಾಡಿಕೊಂಡು ಕೇಳಿದಳು. "ದಪ್ಪ ಆಗ್ಯಾಳೇನು?"

"ಇಲ್ಲ, ಹಂಗ ಅದಾಳ. ನೀ ಒಂದ ಫೋನ ಮಾಡಿದ್ರ ಬರ್ತಾಳಂತ. ಮಾಡ ತುಳಸಾ."

ನಂಬರು ತೆಗೆದು ಫೋನನ್ನು ಅವಳ ಕೈಯಲ್ಲಿಟ್ಟ. ತುಳಸವ್ವ ಅದನ್ನು ಹಿಡಿದುಕೊಂಡಳು. ಪರದೆಯ ಮೇಲೆ ತಂಗಿಯ ಹೆಸರನ್ನು ನೋಡುತ್ತ ಬೆರಳನ್ನು ಅದರ ಹತ್ತಿರ ಒಯ್ದಳು. ರಾಜಾರಾಮ ಹತ್ತಿರ ಸರಿದ. ಬೆರಳು ಅಲ್ಲೇ ನಿಂತಿತು.

"ಫೋನ ಮಾಡಲಿಲ್ಲಂದ್ರ?"

"ದಿವಾಳಿಗೆ ಬರ್ತಾಳಂತ."

"ತಾನಾಗೇ ಬರ್ತೀನಿ ಅಂದಾಳೇನು?" ಅವಳ ಬಾತ ಮುಖದಲ್ಲಿ ಗೆದ್ದ ಸಂತೋಷ ಹಬ್ಬಿತು. ಫೋನನ್ನು ತೊಡೆಯ ಮೇಲೆ ಇಟ್ಟಳು. "ಹಂಗಾರ ಬರಲಿ ಬಿಡ್ರಿ. ದಿವಾಳಿ ಏನ ದೂರ ಐತಿ. ಅಕಿ ತಾನಾಗಿ ಹೊಸ್ತಿಲಾ ದಾಟಿದ್ಲಂದ್ರ ನಾ ಒಂದ ಮಾತ ಸೈತ ಆಡೂದಿಲ್ಲ, ತಲೀಗೆ ಎಣ್ಣಿ ಹಚ್ಚಿ ಎರಿತೀನಿ, ಸಣ್ಣಾಕಿ ಇದ್ದಾಗ ಎರೀತಿದ್ದೆಲ್ಲ ಹಂಗ."

ಇಷ್ಟು ಹೇಳುವುದರಲ್ಲಿ ಅವಳು ಮೂರು ಸಲ ನಿಂತು ಉಸಿರೆಳೆದುಕೊಂಡಳು.

"ಇವತ್ತ ಮಾಡ," ಎಂದ ರಾಜಾರಾಮ. ಫೋನನ್ನು ಎತ್ತಿ ಮತ್ತೆ ಅವಳ ಕೈಗೆ ಇಟ್ಟ. "ನನ್ನ ಮಾತ ಕೇಳು. ಈಗ ಮಾಡ."

ತುಳಸವ್ವ ಅವನ ಕಡೆ ತಿರುಗಿದಳು. "ಯಾಕ್ರಿ? ಅವಸರ ಏನರ ಐತೇನು?"

ಹೇಳಿಬಿಡಬಹುದಾಗಿತ್ತು. ಒಂದೇ ಮಾತು. ಆ ಮಾತು ಆಡಿದರೆ ಅವಳು ಈಗಿಂದೀಗ ಫೋನು ಹಚ್ಚುತ್ತಾಳೆ, ನೀಲಮ ಓಡಿ ಬರುತ್ತಾಳೆ, ಮತ್ತು ಈ ಮುಖ ಮತ್ತೆ ಕಾಣಿಸುವುದಿಲ್ಲ. ಅವನು ಅವಳ ಮುಖವನ್ನು ನೋಡಿದ. ಅದರಲ್ಲಿ ದಿವಾಳಿ ಇತ್ತು, ಎಮ್ಮೆ ಇತ್ತು, ಐದು ವರ್ಷವೂ ಇತ್ತು.

"ಏನಿಲ್ಲ," ಎಂದ.